ಕಾರಿನ ಜೊತೆಗೆ ಬಂದ ಗವಿನೆಲ್ಲಿ

ಮೊದಲು ಬಂದದ್ದು ಕಾರು. ಮನುಷ್ಯ ಬಂದದ್ದು ಆಮೇಲೆ. ಮದುವೆಯಾದ ಮೇಲೆ ಹುಡುಗಿಯ ಹಿಂದೆ ಬೀರು ಮಂಚ ಬರುವುದುಂಟು. ಇಲ್ಲಿ ಬೀರು ಮೊದಲು ಬಂದು, ಅದರ ಹಿಂದೆ ಮದುಮಗಳನ್ನು ಕರೆಸಿದ ಹಾಗಾಯಿತು.

ದೋಹಾದಲ್ಲಿ ಒಬ್ಬರು ದೊಡ್ಡ ವ್ಯಾಪಾರಿ ಇದ್ದರು. ಕೆಲಸದವರೆಲ್ಲ ಅವರನ್ನು ಅರ್ಬಾಬ್ ಎಂದು ಕರೆಯುತ್ತಿದ್ದರು, ನಮ್ಮಲ್ಲಿ ಧಣಿ ಅಂದ ಹಾಗೆ. ಆ ಊರಿನ ದುಡ್ಡಿದ್ದವರಲ್ಲಿ ಒಬ್ಬರಿಗೆ ಗಿಡುಗ ಸಾಕುವ ಹುಚ್ಚು, ಇನ್ನೊಬ್ಬರಿಗೆ ಒಂಟೆ ಓಡಿಸುವ ಹುಚ್ಚು. ಈ ಅರ್ಬಾಬರಿಗೆ ಹಳೆಯ ಕಾರುಗಳ ಹುಚ್ಚು. ಸಲ್ವಾ ರಸ್ತೆಯ ಆಚೆ ಗ್ಯಾರೇಜು, ಗೋದಾಮುಗಳೇ ತುಂಬಿದ ಜಾಗವನ್ನು ಸನಯ್ಯ ಎನ್ನುತ್ತಾರೆ. ಅಲ್ಲಿ ಕಿಟಕಿಯೇ ಇಲ್ಲದ ಒಂದು ಗೋದಾಮು ಕಟ್ಟಿಸಿ, ಎಸಿ ಹಾಕಿಸಿ, ಹನ್ನೊಂದು ಕಾರು ಇಟ್ಟಿದ್ದರು. ಹನ್ನೊಂದನೆಯದು ಒಬ್ಬನೇ ಕೂರುವ ರೇಸಿನ ಕಾರು. ನೀಲಿ ಬಣ್ಣ, ಚಕ್ರಗಳೆಲ್ಲ ಹೊರಗೆ, ತಲೆಯ ಮೇಲೆ ಮಾಡು ಇಲ್ಲ. ಹರಾಜಿನಲ್ಲಿ ಅದನ್ನು ಕೊಂಡ ಮೇಲೆ, ಇದನ್ನು ಓಡಿಸಿದವನು ಯಾರು ಎಂದು ಅರ್ಬಾಬರು ಹುಡುಕಿಸಿದರು. ಓಡಿಸಿದವನು ಬದುಕಿದ್ದ. ಇಟಲಿಯ ಒಂದು ಬೆಟ್ಟದ ಊರಿನಲ್ಲಿ ಟಯರು ಮಾರಿಕೊಂಡಿದ್ದ. ಅರ್ಬಾಬರು ಫೋನು ಮಾಡಿಸಿದರು: ನಿನ್ನ ಕಾರು ನನ್ನ ಹತ್ತಿರ ಇದೆ, ನೀನೂ ಬಾ.

ಹಾಗೆ ಲೀವಿಯೋ ಗವಿನೆಲ್ಲಿ ಬಂದರು. ಆಗಲೇ ಅವರಿಗೆ ಐವತ್ತೇಳು ವರ್ಷ. ಸಣಕಲು ಮೈ, ಬಿಳಿ ಮೀಸೆ, ಕೈಯಲ್ಲಿ ಒಂದೇ ಚೀಲ. ವಿಮಾನ ನಿಲ್ದಾಣದಿಂದ ಅವರನ್ನು ಕರೆತಂದವನು ದೂಮಪ್ಪ.

ದೂಮಪ್ಪ ಕಿನ್ನಿಗೋಳಿ ಕಡೆಯವನು, ಅರ್ಬಾಬರ ಗೋದಾಮಿನ ಡ್ರೈವರು. ಕತಾರಿಗೆ ಬರುವ ಮೊದಲು ಹದಿನೇಳು ವರ್ಷ ಮಂಗಳೂರು–ಕುಂದಾಪುರ ಎಕ್ಸ್‌ಪ್ರೆಸ್ ಬಸ್ಸು ಓಡಿಸಿದವನು. ಆ ಬಸ್ಸುಗಳ ವಿಷಯ ಹೇಳದೆ ದೂಮಪ್ಪನ ವಿಷಯ ಹೇಳಲಾಗದು. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ಹೊರಟರೆ ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ನಡುವೆ ನಾಲ್ಕೈದು ನಿಮಿಷ. ಒಂದು ನಿಮಿಷ ತಡವಾದರೆ ಪಡುಬಿದ್ರಿಯ ಜನ ಹಿಂದಿನವನ ಬಸ್ಸಿಗೆ ಹತ್ತಿಬಿಡುತ್ತಾರೆ, ಕಂಡಕ್ಟರು ಸಂಜೆಯವರೆಗೆ ಬೈಯುತ್ತಾನೆ. ಒಬ್ಬ ಮುದುಕಿ ಬುಟ್ಟಿ ಇಳಿಸುವಾಗ ಹೋದ ಅರ್ಧ ನಿಮಿಷವನ್ನು ಉಚ್ಚಿಲದ ನೇರ ರಸ್ತೆಯಲ್ಲಿ ವಾಪಸು ತರಬೇಕು. ಆ ಮುದುಕಿಯರೂ ಸಾಮಾನ್ಯದವರಲ್ಲ, ಬಂಗುಡೆ ಬುಟ್ಟಿಯನ್ನು ಡ್ರೈವರನ ಪಕ್ಕದಲ್ಲೇ ಇಡುತ್ತಿದ್ದರು. ಅದಿರಲಿ. ಹೇಳಬೇಕಾದದ್ದೇನೆಂದರೆ, ಗಡಿಯಾರ ನೋಡಿಕೊಂಡು ಜೀವ ಸವೆಸುವುದು ಎಂದರೇನೆಂದು ದೂಮಪ್ಪನಿಗೆ ಗೊತ್ತಿತ್ತು. ಅದಕ್ಕೇ ಇಟಲಿಯ ಆ ಮನುಷ್ಯನ ಕಥೆ ಅವನಿಗೆ ಅರ್ಥವಾಯಿತು.

ಗವಿನೆಲ್ಲಿಯವರಿಗೆ ಅಲ್ ಸದ್ದ್‌ನಲ್ಲಿ ನಾಲ್ಕನೇ ಮಹಡಿಯ ಒಂದು ಫ್ಲಾಟು. ಅಲ್ಲಿಂದ ಸನಯ್ಯಕ್ಕೆ ದಿನಾ ಬೆಳಗ್ಗೆ ದೂಮಪ್ಪನ ಪಿಕಪ್ಪಿನಲ್ಲಿ ಹೋಗುವುದು. ಇಬ್ಬರ ಭಾಷೆ ಅರ್ಧ ಇಂಗ್ಲಿಷ್, ಕಾಲು ಹಿಂದಿ, ಸ್ವಲ್ಪ ಅರಬಿ, ಉಳಿದದ್ದು ಕೈಸನ್ನೆ. ಅದನ್ನೆಲ್ಲ ಕನ್ನಡದಲ್ಲೇ ಹೇಳಿಬಿಟ್ಟರೆ ಎಲ್ಲರಿಗೂ ಸುಖ.

"ಸಾರ್, ನೀವು ದೊಡ್ಡ ರೇಸು ಎಷ್ಟು ಓಡಿದ್ದೀರಿ?"

"ಒಂದು."

"ಒಂದೇ?"

"ಪೂರ್ತಿ ಒಂದಲ್ಲ. ಒಂಬತ್ತು ಸುತ್ತು. ಆಮೇಲೆ ಗೇರ್‌ಬಾಕ್ಸ್ ಖಲಾಸ್."

ದೂಮಪ್ಪ ಗೇರು ಬದಲಿಸಿದ. "ನಾನು ದಿವಸಕ್ಕೆ ಎರಡು ಸಲ ಹೋಗಿ ಬರ್ತಿದ್ದೆ ಸಾರ್."

"ಮುಗಿಸ್ತಿದ್ದೆಯಾ?"

"ಮುಗಿಸದಿದ್ರೆ ಪ್ಯಾಸೆಂಜರ್ ಬಿಡ್ತಾರಾ?"

"ಹಾಗಾದರೆ ನೀನು ನನಗಿಂತ ದೊಡ್ಡ ಡ್ರೈವರ್, ದೂಮಾ," ಎಂದು ಗವಿನೆಲ್ಲಿ ಗಂಭೀರವಾಗಿಯೇ ಹೇಳಿದರು.

ಹೀಗೆ ತುಂಡು ತುಂಡಾಗಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ, ಅವರ ಜೀವನವೆಲ್ಲ ದೂಮಪ್ಪನ ಕಿವಿಗೆ ಬಿತ್ತು. ಅವರ ಅಪ್ಪನದು ಬೇಕರಿ. ಬೆಳಗ್ಗೆ ಐದಕ್ಕೆ ನದಿಯ ಹತ್ತಿರದ ಬೇಕರಿಯಿಂದ ಬೆಟ್ಟದ ಮೇಲಿನ ಮನೆಗಳಿಗೆ ವ್ಯಾನಿನಲ್ಲಿ ಬ್ರೆಡ್ಡು ಒಯ್ಯಬೇಕು. ದಾರಿಯಲ್ಲಿ ಮೂವತ್ತೊಂದು ತಿರುವು. ತಿರುವಿನಲ್ಲಿ ಬ್ರೆಡ್ಡಿನ ಕ್ರೇಟು ಜಾರಿದ ಸದ್ದು ಕೇಳಿದರೆ ಅಪ್ಪ ಹಿಂದಿನಿಂದ ತಲೆಗೊಂದು ಕೊಡುತ್ತಿದ್ದರು. ಲೀವಿಯೋ ವೇಗ ಕಲಿತದ್ದು ಹಾಗೆ: ಕ್ರೇಟು ಜಾರಬಾರದು, ಬ್ರೆಡ್ಡು ಆರಬಾರದು. ಅದೇ ಬೆಟ್ಟದಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರಿನ ಪಂದ್ಯವನ್ನು ಮೂರು ಸಲ ಗೆದ್ದರು. ತಮ್ಮ ತುಲ್ಲಿಯೋ ಮೆಕ್ಯಾನಿಕ್ಕು, ಅಣ್ಣ ಡ್ರೈವರು. ಸಣ್ಣ ರೇಸುಗಳಿಂದ ದೊಡ್ಡದಕ್ಕೆ ಹತ್ತುವಾಗ ಮೂವತ್ತು ದಾಟಿತ್ತು.

ಆ ಕಾಲದಲ್ಲಿ ದೊಡ್ಡ ರೇಸಿಗೆ ಬರುವ ಕಾರುಗಳು ವಿಪರೀತ. ಬಡ ತಂಡಗಳಿಗೆಂದು ಒಂದು ಜರಡಿ ಇಟ್ಟಿದ್ದರು. ಶುಕ್ರವಾರ ಬೆಳಗ್ಗೆ ಎಂಟಕ್ಕೆ ಅವರನ್ನೆಲ್ಲ ಟ್ರ್ಯಾಕಿಗೆ ಬಿಡುವುದು, ಒಂದು ಗಂಟೆಯ ಸಮಯ. ಅದರಲ್ಲಿ ಮುಂದಿರುವ ನಾಲ್ವರಿಗೆ ಮಾತ್ರ ಒಳಗೆ ಜಾಗ. ಉಳಿದವರು ಒಂಬತ್ತಕ್ಕೆ ಗಂಟುಮೂಟೆ ಕಟ್ಟಬೇಕು. ಜನ ಟಿಕೇಟು ಹಿಡಿದು ಗೇಟಿನಿಂದ ಒಳಗೆ ಬರುವ ಹೊತ್ತಿಗೆ ಇವರ ಲಾರಿ ಅದೇ ಗೇಟಿನಿಂದ ಹೊರಗೆ. ಗವಿನೆಲ್ಲಿ ಎರಡು ವರ್ಷದಲ್ಲಿ ಹದಿನಾಲ್ಕು ಊರಿಗೆ ಹೋದರು, ಹದಿಮೂರರಿಂದ ಒಂಬತ್ತಕ್ಕೆ ಹಿಂದೆ ಬಂದರು. ಒಂದೇ ಒಂದು ಸಲ ಒಳಗೆ ಬಿಟ್ಟರು, ಈ ನೀಲಿ ಕಾರಿನಲ್ಲಿ. ಇಪ್ಪತ್ತಾರನೆಯವರಾಗಿ ಹೊರಟು ಹತ್ತೊಂಬತ್ತನೆಯವರಾಗಿ ಓಡುತ್ತಿದ್ದಾಗ ಗೇರ್‌ಬಾಕ್ಸು ಹೋಯಿತು. ಆಮೇಲೆ ತಂಡವೂ ಹೋಯಿತು.

"ಒಂಬತ್ತು ಸುತ್ತು ಹೇಗಿತ್ತು ಸಾರ್?"

"ಬ್ರೆಡ್ಡು ಜಾರಲಿಲ್ಲ," ಎಂದರು ಗವಿನೆಲ್ಲಿ.

ಅರ್ಬಾಬರು ಇರುವವರೆಗೆ ಚೆನ್ನಾಗಿಯೇ ನಡೆಯಿತು. ವರ್ಷಕ್ಕೆರಡು ಸಲ ನೀಲಿ ಕಾರನ್ನು ಲಾರಿಯಲ್ಲಿ ಲುಸೈಲ್ ಟ್ರ್ಯಾಕಿಗೆ ಒಯ್ದು, ಗವಿನೆಲ್ಲಿ ನಾಲ್ಕು ಸುತ್ತು ಹೊಡೆಯುವರು. ಅರ್ಬಾಬರು ಕುರ್ಚಿ ಹಾಕಿಸಿ ಕರಕ್ ಚಹಾ ಕುಡಿಯುತ್ತ ನೋಡುವರು. ಒಬ್ಬರಿಗೆ ಹಾಡುವ ಹಕ್ಕಿ, ಇನ್ನೊಬ್ಬರಿಗೆ ಪಂಜರ, ಇಬ್ಬರೂ ಸುಖವಾಗಿದ್ದರು. ಅರ್ಬಾಬರು ತೀರಿಹೋದ ಮೇಲೆ ಪಂಜರ ಮಾತ್ರ ಉಳಿಯಿತು.

ನಾಲ್ಕು ಗಂಡುಮಕ್ಕಳು. ಉಳಿದದ್ದೆಲ್ಲ ಪಾಲಾಯಿತು, ಕಾರುಗಳಲ್ಲಿ ಒಮ್ಮತವಾಗಲಿಲ್ಲ. ಕೇಸಾಯಿತು. ಕೋರ್ಟಿನ ಕಚೇರಿಯವರು ಬಂದು ಹನ್ನೊಂದು ಕಾರುಗಳ ಫೋಟೋ ತೆಗೆದು, ಎಷ್ಟು ಕಿಲೋಮೀಟರು ಓಡಿದೆ ಎಂದು ಬರೆದು, ಬಾಗಿಲು ಬಾನೆಟ್ಟುಗಳಿಗೆ ಕಾಗದದ ಸೀಲು ಅಂಟಿಸಿದರು. ಎಲ್ಲವೂ ಇದ್ದ ಹಾಗೆಯೇ ಇದೆ ಎಂದು ಕೊನೆಗೆ ಹೇಳಲು ತಿಳಿದವರೊಬ್ಬರು ಜವಾಬ್ದಾರಿ ಹೊರಬೇಕು. ಗವಿನೆಲ್ಲಿ ಸಹಿ ಹಾಕಿದರು. ಜವಾಬ್ದಾರಿ ಹೊತ್ತವರು ಅದು ಮುಗಿಯುವವರೆಗೆ ದೇಶ ಬಿಡುವಂತಿಲ್ಲ. ಮೂರು ತಿಂಗಳು ಎಂದಿದ್ದರು.

ಆ ಕಾಗದದಲ್ಲಿ ಏನಿದೆಯೆಂದು ಓದಿ ಹೇಳಿದವನು ಅಝರ್, ಕಂಪೆನಿಯ ಮಂದೂಬ್. ಸರಕಾರಿ ಕಾಗದಪತ್ರ ಓಡಿಸುವ ಕೆಲಸಕ್ಕೆ ಅಲ್ಲಿ ಹಾಗೆ ಹೆಸರು. ಉಳ್ಳಾಲದ ಬ್ಯಾರಿಗಳ ಮನೆಯವನು. ಅವನ ಅಪ್ಪನ ಕಾಲದಿಂದಲೂ ದೋಹಾದಲ್ಲೇ ಇರುವುದರಿಂದ ಅರಬಿ ಅವನಿಗೆ ನೀರು ಕುಡಿದ ಹಾಗೆ. ಮೂರು ತಿಂಗಳು ಆರಾಗಿ, ವರ್ಷವಾಗಿ, ಎರಡು ವರ್ಷವಾಯಿತು. ಪ್ರತಿ ಸಲವೂ ಕಚೇರಿಯಿಂದ ಬಂದು ಅಝರ್ ಕೈ ಕೊಡವುತ್ತಿದ್ದ. "ಇವತ್ತೂ ಮಾಫಿ, ಎಂತದೂ ಆಗ್ಲಿಲ್ಲ ದೂಮಣ್ಣ. ಮೂರನೇ ಮಗ ಲಂಡನಿನಲ್ಲಿದ್ದಾನಂತೆ. ಅವನು ಬರದೆ ಆಗುದಿಲ್ಲ."

ಗವಿನೆಲ್ಲಿ ದಿನವೂ ಗೋದಾಮಿಗೆ ಹೋಗಿ ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ನೀಲಿ ಕಾರಿನ ಹತ್ತಿರ ಸ್ಟೂಲು ಹಾಕಿ ಕೂರುತ್ತಿದ್ದರು. ಮುಟ್ಟುವಂತಿಲ್ಲ, ಸುಮ್ಮನೆ ಕೂರುವುದು. ಮಕ್ಕಳು ಕರೆಂಟು ಬಿಲ್ಲು ಯಾರು ಕೊಡುವುದೆಂದು ಜಗಳವಾಡಿ ಎಸಿ ಒಂದನ್ನು ಬಿಟ್ಟು ಉಳಿದದ್ದು ನಿಲ್ಲಿಸಿದ್ದರು. ಬೇಸಿಗೆಯಲ್ಲಿ ಆ ತಗಡಿನ ಪೆಟ್ಟಿಗೆಯೊಳಗೆ ಉಸಿರು ಸಹ ಬಿಸಿಯಾಗಿ ಒಳಗೆ ಹೋಗಿ ಬಿಸಿಯಾಗಿ ಹೊರಗೆ ಬರುತ್ತಿತ್ತು. ಸಂಜೆ ಫ್ಲಾಟಿಗೆ ಬಂದರೆ ಅಲ್ಲಿನ ಒಂದೇ ಕಿಟಕಿಗೆ ಎದುರು ಕಟ್ಟಡದ ಗೋಡೆ.

ಇನ್ನೊಂದು ಪಂಜರವೂ ಇತ್ತು. ಅದು ದೂಮಪ್ಪನಿಗೆ ಗೊತ್ತಾದದ್ದು ಒಂದು ದಿನ ಪಿಕಪ್ಪಿನ ಬಾಗಿಲ ಹತ್ತಿರ ಅವನು ಚಾಚಿದ ಚಹಾದ ಲೋಟ ಗವಿನೆಲ್ಲಿಯವರಿಗೆ ಕಾಣದೆ ಹೋದಾಗ. ಅವನೇ ಕಣ್ಣಿನ ಕ್ಲಿನಿಕ್ಕಿಗೆ ಕರೆದೊಯ್ದ. ಅಲ್ಲಿನ ನರ್ಸು ಟ್ರೀಸಾ ಬೆಳ್ಮಣ್ಣಿನವಳು. ಬಾಯಿ ತುಂಬ ಮಾತಾಡುವ ಹೆಂಗಸು, ಆ ದಿನ ಮಾತು ಕಡಿಮೆ.

"ಎಂತ ಟ್ರೀಸಾಬಾಯಿ?"

"ಎದುರಿನದ್ದು ಕಾಣ್ತದೆ ದೂಮಣ್ಣ. ಬದಿಯದ್ದು ಹೋಗ್ತಾ ಉಂಟು. ಎರಡೂ ಬದಿಯಿಂದ ಪರದೆ ಎಳೆದ ಹಾಗೆ. ಹೋದದ್ದು ಬರುದಿಲ್ಲ. ಮದ್ದು ಹಾಕಿದ್ರೂ ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಆಮೇಲೆ ಸ್ಟೇರಿಂಗಿನ ಆಸೆ ಬಿಡ್ಬೇಕು."

ಪಿಕಪ್ಪು ಹತ್ತಿದ ಮೇಲೆ ಗವಿನೆಲ್ಲಿ ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ. ಊರಿಗೆ ಹೋಗಿ, ಕಣ್ಣಿರುವಾಗ, ಅಪ್ಪನ ಆ ಮೂವತ್ತೊಂದು ತಿರುವನ್ನು ಒಮ್ಮೆ ಹತ್ತಬೇಕು. ವ್ಯಾನು ತಮ್ಮ ತುಲ್ಲಿಯೋನ ಹತ್ತಿರ ಇನ್ನೂ ಇದೆ. "ರೇಸು ಬೇಡ ದೂಮಾ. ಬ್ರೆಡ್ಡಿನ ರಸ್ತೆ ಸಾಕು."

ಆ ವರ್ಷ ಸೆಪ್ಟೆಂಬರಿನಲ್ಲಿ ಲಂಡನಿನ ಮಗ ಬಂದ. ಅಣ್ಣತಮ್ಮಂದಿರು ಒಪ್ಪಿದರು. ಅಕ್ಟೋಬರಿನಲ್ಲಿ ಒಂದು ಮಂಗಳವಾರ ಕಚೇರಿಯವರು ಬಂದು, ಕಾರುಗಳು ಇದ್ದ ಹಾಗೆಯೇ ಇವೆಯೇ ಎಂದು ಹಳೆಯ ಫೋಟೋ ಹಿಡಿದು ನೋಡುವುದು. ಸರಿಯಿದ್ದರೆ ಅಲ್ಲೇ ಗವಿನೆಲ್ಲಿಯವರ ಬಿಡುಗಡೆ. ಅಝರ್ ಆ ಸುದ್ದಿ ತಂದ ದಿನ ಮೂವರೂ ಕ್ಯಾಂಟೀನಿನಲ್ಲಿ ಪೊರೋಟ ತಿಂದರು.

ಆ ಮಂಗಳವಾರದ ಹಿಂದಿನ ಶುಕ್ರವಾರ ಆಯುಧಪೂಜೆ.

ಹದಿನೇಳು ವರ್ಷ ಬಸ್ಸು ಓಡಿಸಿದವನಿಗೆ ಆಯುಧಪೂಜೆ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ದಿನವೇ ಬಸ್ಸು ಉಜ್ಜಿ ತೊಳೆದು, ಕಬ್ಬು, ಬಾಳೆಕಂದು, ಚೆಂಡುಹೂವಿನ ಮಾಲೆ ಕಟ್ಟಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟು, ಮೆಲ್ಲ ಮುಂದೆ ಬಿಟ್ಟರೆ ಚಟ್, ಚಟ್ ಎನ್ನಬೇಕು. ನಿಂಬೆ ಒಡೆದರೆ ವರ್ಷದ ಕಂಟಕ ಕಳೆಯಿತು. ಒಂದು ವರ್ಷ ಅವನ ಮಾಲಕರು ಜಿಪುಣತನದಲ್ಲಿ ಎರಡೇ ನಿಂಬೆ ತಂದಿದ್ದಕ್ಕೆ ಹೆಜಮಾಡಿಯಲ್ಲಿ ಹಿಂದಿನ ಚಕ್ರವೇ ಕಳಚಿತ್ತು. ಅದು ನಟ್ಟು ಸಡಿಲವಾಗಿ ಆದದ್ದೆಂದು ಬೇರೆಯವರು ಹೇಳುತ್ತಾರೆ, ದೂಮಪ್ಪನನ್ನು ಕೇಳಿದರೆ ನಿಂಬೆ.

ಹೀಗಿರುವಾಗ, ಅಷ್ಟು ದೊಡ್ಡ ಮಂಗಳವಾರ ಎದುರಿಗಿಟ್ಟುಕೊಂಡು, ಹನ್ನೊಂದು ಗಾಡಿಗಳನ್ನು ಪೂಜೆಯಿಲ್ಲದೆ ಬಿಡುವುದೆಂದರೆ? ಕಚೇರಿಯವರು ಹೇಳಿದ್ದು ಅವನಿಗೆ ಬಾಯಿಪಾಠವಿತ್ತು: ಸ್ಟಾರ್ಟ್ ಮಾಡಬಾರದು, ಬಾಗಿಲು ತೆರೆಯಬಾರದು. ಅವನು ಎರಡನ್ನೂ ಮಾಡಲಿಲ್ಲ. ಗವಿನೆಲ್ಲಿಯವರಿಗೆ ರಜೆ, ಸನಯ್ಯದಲ್ಲಿ ನರಪಿಳ್ಳೆಯಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬಂದು ಹನ್ನೊಂದು ಕಾರುಗಳನ್ನೂ ಬಕೆಟು, ಬಟ್ಟೆ ಹಿಡಿದು ತೊಳೆದ. ಎರಡು ವರ್ಷದ ಧೂಳು, ಹಿಟ್ಟಿನ ಹಾಗೆ ಕೂತದ್ದು, ಕೆಸರಾಗಿ ಹರಿಯಿತು. ಇಳಿದ ಟಯರುಗಳಿಗೆ ಪಂಪಿನಲ್ಲಿ ಗಾಳಿ ಹಾಕಿದ. ಹಳೆಯ ಗಾಡಿಗಳಿಗೆ ಹ್ಯಾಂಡ್‌ಬ್ರೇಕು ಹಾಕಿಟ್ಟರೆ ಅಂಟಿಕೊಳ್ಳುತ್ತದೆಂದು ಚಕ್ರಕ್ಕೆ ಮರದ ತುಂಡು ಮಾತ್ರ ಕೊಟ್ಟಿದ್ದರು. ಅದನ್ನು ತೆಗೆದು, ನಿಂಬೆ ಇಟ್ಟು, ಬೆನ್ನು ಕೊಟ್ಟು ಒಂದೊಂದನ್ನೂ ಒಂದು ಗೇಣು ಮುಂದೆ ತಳ್ಳಿದ. ನಲವತ್ತನಾಲ್ಕು ನಿಂಬೆ. ಕೊನೆಗೆ ನೀಲಿ ಕಾರು. ಅದು ಒಂದೇ ಕೈಯಲ್ಲಿ ತೊಟ್ಟಿಲು ತೂಗಿದ ಹಾಗೆ ಮುಂದೆ ಬಂತು. ಆಗ ಗಂಟೆ ಎಂಟು.

ಅವನ ಮನಸ್ಸು ಅಷ್ಟು ಹಗುರವಾಗಿ ಎಷ್ಟೋ ಕಾಲವಾಗಿತ್ತು.

ಮರುದಿನ ಗವಿನೆಲ್ಲಿ ಒಳಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತರು. ಹನ್ನೊಂದು ಕಾರು ಕನ್ನಡಿಯ ಹಾಗೆ ಹೊಳೆಯುತ್ತಿವೆ. ದೂಮಪ್ಪ ಹಲ್ಲು ಬಿಟ್ಟುಕೊಂಡು ಪಕ್ಕದಲ್ಲಿದ್ದಾನೆ.

"ದೂಮಾ," ಎಂದರು ಅವರು. "ಧೂಳು ಎಲ್ಲಿ?"

ಆಗ ದೂಮಪ್ಪನಿಗೆ ಹೊಳೆಯಿತು. ಎರಡು ವರ್ಷ ಯಾರೂ ಮುಟ್ಟಲಿಲ್ಲ ಎನ್ನುವುದಕ್ಕೆ ಇದ್ದ ದೊಡ್ಡ ಸಾಕ್ಷಿ ಆ ಧೂಳು. ಗವಿನೆಲ್ಲಿ ದಿನವೂ ಕಾವಲು ಕೂತದ್ದು ಕಾರಿಗಲ್ಲ, ಅದರ ಮೇಲಿನ ಧೂಳಿಗೆ. ನೆಲದಲ್ಲಿ ಟಯರಿನ ಹಳೆಯ ಗುರುತು ಒಂದು ಕಡೆ, ಟಯರು ಇನ್ನೊಂದು ಕಡೆ. ಸೀಲಿನ ಕಾಗದಗಳಿಗೆ ನೀರು ತಾಗಿ ಶಾಯಿ ಕದಡಿತ್ತು. ಬಾನೆಟ್ಟುಗಳ ಮೇಲೆ ಅರಸಿನದ ಮಾಸಲು ಹಳದಿ.

ಅಝರ್ ಬಂದವನು ತಲೆಗೆ ಕೈ ಇಟ್ಟು ಕೂತ. "ಎಂತ ಮಾಡಿದ್ರಿ ಮಾರಾಯ್ರೆ. ಗಾಡಿ ತೊಳಿಲಿಕ್ಕೆ ನಿಮ್ಗೆ ಬೇರೆ ದಿನ ಸಿಕ್ಕಲಿಲ್ವಾ?"

"ಪೂಜೆ ಬೇರೆ ದಿನ ಮಾಡ್ಲಿಕ್ಕೆ ಆಗ್ತದಾ?"

"ಇನ್ನು ಹೊರಗಿಂದ ನಾಲ್ಕು ಬಕೆಟ್ ಹೊಯ್ಗೆ ತಂದು ಚೆಲ್ಲುವ. ಫ್ಯಾನ್ ಇಡುವ."

ಗವಿನೆಲ್ಲಿಗೆ ಅವರ ಮಾತು ಅರ್ಥವಾಗದಿದ್ದರೂ ಬಕೆಟು ಹಿಡಿದ ಕೈಸನ್ನೆ ಅರ್ಥವಾಯಿತು. ತಲೆಯಾಡಿಸಿದರು. "ಧೂಳು ತಯಾರು ಮಾಡಲು ಬರುವುದಿಲ್ಲ. ಅದಕ್ಕೆ ಎರಡು ವರ್ಷವೇ ಬೇಕು."

ಅವರು ಬೈಯಲಿಲ್ಲ. ಬೈದಿದ್ದರೆ ದೂಮಪ್ಪನಿಗೆ ಒಂದು ತುತ್ತು ಅನ್ನವಾದರೂ ಇಳಿಯುತ್ತಿತ್ತು. ಸ್ಟೂಲು ಎಳೆದು ನೀಲಿ ಕಾರಿನ ಹತ್ತಿರ ಕೂತರು, ಒಂಬತ್ತಕ್ಕೆ ಎದ್ದರು, ಅಷ್ಟೇ.

ಮಂಗಳವಾರ ಕಚೇರಿಯವರು ಬಂದರು. ಕಿರಿಯ ಮಕ್ಕಳ ವಕೀಲ ಫೋಟೋ ಹಿಡಿದು ಒಂದೊಂದೇ ಕಾರಿನ ಹತ್ತಿರ ಬಗ್ಗಿ ನೋಡಿದ. ನೆಲದಲ್ಲಿ ಒಣಗಿದ ನಿಂಬೆಯ ಬೀಜವನ್ನು ಉಗುರಿನಿಂದ ಕೆದಕಿ ಕಾಗದದಲ್ಲಿ ಮಡಚಿ ಇಟ್ಟುಕೊಂಡ. ಯಾರು ಮುಟ್ಟಿದ್ದು ಎಂದು ಕೇಳಿದಾಗ ದೂಮಪ್ಪ ಬಾಯಿ ತೆರೆಯುವ ಮೊದಲೇ ಗವಿನೆಲ್ಲಿ ಹೇಳಿದರು, "ನಾನು ಹೇಳಿ ಮಾಡಿಸಿದ್ದು."

ಅಲ್ಲಿಗೆ ಬಾಗಿಲು ಮುಚ್ಚಿತು. ಎಂಜಿನ್ ಬದಲಾಗಿದೆಯೇ, ಭಾಗ ಕಳುವಾಗಿದೆಯೇ ಎಂದು ಹೊರದೇಶದಿಂದ ತಜ್ಞರನ್ನು ಕರೆಸಿ ಒಂದೊಂದು ನಂಬರೂ ನೋಡಿಸಬೇಕು. ಅದಕ್ಕೆ ಮತ್ತೆ ಮಕ್ಕಳೆಲ್ಲ ಒಪ್ಪಬೇಕು. ಒಂದು ವರ್ಷವಾದರೂ ಆದೀತು ಎಂದರು. ಟ್ರೀಸಾ ಹೇಳಿದ್ದೂ ಅದೇ ಒಂದು ವರ್ಷ.

ಮರುದಿನ ಮಧ್ಯಾಹ್ನ ಊರಿನಿಂದ ಮಗಳು ಸ್ಪಂದನಾಳ ಫೋನು. ಅವಳಿಗೆ ಆರು ತಿಂಗಳಾಗಿತ್ತು, ನವೆಂಬರಿನಲ್ಲಿ ಸೀಮಂತ.

"ಅಪ್ಪ, ಟಿಕೇಟ್ ಆಗಿದೆಯಲ್ಲ? ಇಪ್ಪತ್ತಕ್ಕೆ ಬರ್ತೀರಲ್ಲ?"

"ಆಗಿದೆ ಮಗ."

"ಬಸ್ಸು ಮಾತ್ರ ಟೈಮಿಗೆ ತಂದ್ರಿ ನೀವು. ಮನೆಯದ್ದು ಯಾವುದಕ್ಕೂ ಟೈಮಿಗೆ ಬಂದವ್ರಲ್ಲ, ಅಮ್ಮ ಹೇಳ್ತಾರೆ."

"ನಿನ್ನ ಅಮ್ಮ ಹೇಳುದರಲ್ಲಿ ಸುಳ್ಳು ಯಾವಾಗ ಇತ್ತು," ಎಂದು ನಕ್ಕು ದೂಮಪ್ಪ ಫೋನಿಟ್ಟ. ಆಮೇಲೆ ಅಝರನನ್ನು ಹುಡುಕಿಕೊಂಡು ಹೋದ.

"ಅಝರ್, ನಾನು ಹೋಗಿ ನಾನೇ ಮಾಡಿದ್ದು ಅಂತ ಹೇಳ್ತೇನೆ."

"ಹೇಳಿದ್ರೆ ನಿಮ್ಮನ್ನು ವಿಮಾನ ಹತ್ತಿಸಿ ಕಳಿಸ್ತಾರೆ, ಅವರನ್ನು ಬಿಡುದಿಲ್ಲ. ಕಾಗದದಲ್ಲಿ ಹೆಸರಿರುದು ಅವರದ್ದು."

"ಆ ಹೆಸರು ತೆಗಿಲಿಕ್ಕೆ ದಾರಿಯೇ ಇಲ್ವಾ?"

ಅಝರ್ ಕೆನ್ನೆ ಕೆರೆದುಕೊಂಡ. "ಒಂದು ಉಂಟು. ಗಾಡಿಗಳ ಗುರುತಿರುವ ಬೇರೆಯವರು ಜವಾಬ್ದಾರಿ ಹೊರ್ಬೇಕು, ಮಕ್ಕಳೆಲ್ಲ ಒಪ್ಪಬೇಕು. ಹೊತ್ತವನು ಮುಗಿಯುವವರೆಗೆ ಇಲ್ಲಿಯೇ ಖೈದಿ. ನಾನು ಮೂರು ಮೆಕ್ಯಾನಿಕ್ಕುಗಳನ್ನು ಕೇಳಿದೆ. ಮೂವರೂ ಈಗ ನನ್ನ ಫೋನ್ ಎತ್ತುದಿಲ್ಲ."

"ನನ್ನನ್ನು ಕೇಳಿದ್ದೀಯಾ?"

ಅಝರ್ ಅವನ ಮುಖವನ್ನೇ ನೋಡಿದ. "ನಿಮ್ಮ ಮಗಳ ಸೀಮಂತ ಅಲ್ವಾ ದೂಮಣ್ಣ."

"ಕೇಳಿದ್ದೀಯಾ ಅಂತ ಕೇಳಿದೆ."

ವೆಸ್ಟ್ ಬೇಯಲ್ಲಿ ಇಪ್ಪತ್ತಾರನೇ ಮಹಡಿಯ ಒಂದು ಆಫೀಸಿನಲ್ಲಿ ಅರ್ಬಾಬರ ನಾಲ್ವರು ಮಕ್ಕಳೂ ವಕೀಲನೂ ಸೇರಿದರು. ಗಾಜಿನ ಗೋಡೆ, ಕೆಳಗೆ ಸಮುದ್ರ. ದೂಮಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಹೋಗಿದ್ದ. ಅವನು ಶುಕ್ರವಾರ ಮಾಡಿದ್ದನ್ನೆಲ್ಲ, ನಿಂಬೆ ಯಾಕೆಂಬುದನ್ನೂ ಸೇರಿಸಿ ಹೇಳಿದ. ಅಝರ್ ಅರಬಿಯಲ್ಲಿ ಹೇಳುತ್ತ ಹೋದ. ವಕೀಲ ನಂಬಲಿಲ್ಲ. ಇವನು ಬರೀ ಡ್ರೈವರು, ಕಾರುಗಳ ಗುರುತು ಇವನಿಗೇನು ಎಂದ.

"ಗುರುತು ಎಂತ ಬೇಕು?" ಎಂದ ದೂಮಪ್ಪ. "ಹನ್ನೊಂದನ್ನೂ ಬೆನ್ನು ಕೊಟ್ಟು ತಳ್ಳಿದ್ದೇನೆ. ಒಂದನೇ ಕಪ್ಪು ಗಾಡಿಯ ಎಡದ ಹಿಂದಿನ ಚಕ್ರ ಹಿಡಿತದೆ, ನೆಟ್ಟಗೆ ಹೋಗುದಿಲ್ಲ. ನಾಲ್ಕನೆಯದ್ದು ಎಲ್ಲದಕ್ಕಿಂತ ಭಾರ, ಅದಕ್ಕೆ ಎರಡು ಸಲ ಹೆಗಲು ಕೊಟ್ಟೆ. ಏಳನೆಯದ್ದು ಮುಂದೆ ಸರಿಯುವಾಗ ಒಳಗೆ ಎಂತದೋ ಟಿಕ್ ಅಂತದೆ, ಆಕ್ಸಲ್ ಇರ್ಬೇಕು. ಒಂಬತ್ತನೆಯ ಹಸಿರು ಗಾಡಿಯ ಕೆಳಗೆ ಒಂದು ಹನಿ ಆಯಿಲ್ ಮೊದಲಿಂದ ಉಂಟು, ನಿಮ್ಮ ಫೋಟೋದಲ್ಲಿಯೂ ಉಂಟು, ನೋಡಿ. ಎಂಜಿನ್ ಬದಲಾಗಿದ್ರೆ ತೂಕ ಬದಲಾಗ್ಬೇಕು. ಹೋಗುವ, ಈಗಲೇ ತಳ್ಳಿ ತೋರಿಸ್ತೇನೆ."

ಹಿರಿಯ ಮಗ ಅಲ್ಲಿಯವರೆಗೆ ಜಪಮಣಿ ತಿರುಗಿಸುತ್ತ ಕೂತಿದ್ದವರು ತಲೆ ಎತ್ತಿದರು. ತಮ್ಮಂದಿರ ಕಡೆ ತಿರುಗಿ ಏನೋ ಹೇಳಿದರು. ಅಝರ್ ಮೆಲ್ಲಗೆ ಕನ್ನಡದಲ್ಲಿ ಹೇಳಿದ, "ಅವರ ಅಪ್ಪ ಮೊದಲ ಲಾರಿ ತಂದ ದಿನ ಅದರ ಚಕ್ರದ ಎದುರು ಕುರಿ ಕಡಿಸಿದ್ರಂತೆ. ನಿಂಬೆ ಅಗ್ಗ ಆಯ್ತು ಅಂತಾರೆ."

ವಕೀಲನಿಗೆ ನಗು ಬರಲಿಲ್ಲ. ಆದರೆ ಅವನಿಗೂ ಇದು ಹಿಡಿಸಿತು: ಮುಟ್ಟಿದವನೇ ಹೊರಲಿ, ತಪ್ಪು ಮಾಡಿದವನು ದೇಶ ಬಿಡದಿರಲಿ. ಒಬ್ಬರು ಅದನ್ನು ಯೋಗ್ಯತೆ ಎಂದುಕೊಂಡರು, ಇನ್ನೊಬ್ಬರು ಶಿಕ್ಷೆ ಎಂದುಕೊಂಡರು, ಕಾಗದ ಒಂದೇ. ನಾಲ್ವರೂ ಒಪ್ಪಿದರು.

ಒಪ್ಪದವರು ಗವಿನೆಲ್ಲಿ. ಸುದ್ದಿ ಕೇಳಿದ್ದೇ ಫ್ಲಾಟಿನಲ್ಲಿ ಎದ್ದು ನಿಂತರು. ದೂಮಪ್ಪ ಅವರ ಸಿಟ್ಟನ್ನು ನೋಡಿದ್ದು ಅದೇ ಮೊದಲು.

"ನೀನು ಸಹಿ ಹಾಕಬಾರದು. ನಿನಗೆ ಅದು ಏನೆಂದು ಗೊತ್ತಿಲ್ಲ. ಮೂರು ತಿಂಗಳು ಎನ್ನುತ್ತಾರೆ. ಈ ಗೋಡೆ ನೋಡು, ಎರಡು ವರ್ಷದಿಂದ ನನಗೆ ಇದರ ಒಂದೊಂದು ಬಿರುಕೂ ಗೊತ್ತು. ನಿನ್ನ ಮಗಳು ಇದ್ದಾಳೆ. ನಾನು ಹದಿಮೂರು ಗೇಟಿನಿಂದ ಹಿಂದೆ ಬಂದವನು, ನನಗೆ ಅಭ್ಯಾಸವಿದೆ."

ದೂಮಪ್ಪನಿಗೆ ಹೇಳಲು ಬಹಳ ಇತ್ತು. ಇಂಗ್ಲಿಷಿನಲ್ಲಿ ಅಷ್ಟು ಮಾತಿರಲಿಲ್ಲ.

"ಸಾರ್," ಎಂದ. "ನನ್ನ ಕಣ್ಣು ಸರಿ ಉಂಟು."

ಗವಿನೆಲ್ಲಿ ಕುರ್ಚಿಗೆ ಕೈ ತಡವಿ ಕೂತರು. ಕುರ್ಚಿ ಬದಿಯಲ್ಲಿತ್ತು, ಅವರಿಗೆ ಕಾಣುವ ಜಾಗದಲ್ಲಿರಲಿಲ್ಲ.

ಹೊರಡುವ ದಿನ ಅದೇ ಒಂದು ಚೀಲ. ವಿಮಾನ ನಿಲ್ದಾಣದ ಬಾಗಿಲಲ್ಲಿ ಗವಿನೆಲ್ಲಿ ದೂಮಪ್ಪನ ಎರಡೂ ಕೆನ್ನೆಗೆ ಮುತ್ತು ಕೊಟ್ಟಾಗ ಅವನು ನಾಚಿ ಆಚೆ ಈಚೆ ನೋಡಿದ. ಅವರು ಒಳಗೆ ಹೋದ ಮೇಲೆ ದೂಮಪ್ಪನೂ ಅಝರನೂ ಹೊರಗೇ ನಿಂತರು. ಹೆಸರು ಪಟ್ಟಿಯಿಂದ ತೆಗೆದಿದ್ದಾರೆಂದು ಕಾಗದದಲ್ಲಿದೆ, ಆದರೆ ಗೇಟಿನ ಕಂಪ್ಯೂಟರಿನಲ್ಲಿ ಏನಿದೆಯೋ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅಝರ್ ಎರಡು ಸಲ ಗಡಿಯಾರ ನೋಡಿದ, ದೂಮಪ್ಪ ನೋಡಲೇ ಇಲ್ಲ. ಕೊನೆಗೆ ಫೋನಿಗೆ ಒಂದು ಪದ ಬಂತು: ಕ್ವಾಲಿಫೈಡ್.

"ಎಂತ ಹಾಗಂದ್ರೆ?" ಎಂದ ಅಝರ್.

"ಒಳಗೆ ಬಿಟ್ರು," ಎಂದ ದೂಮಪ್ಪ.

ಸ್ಪಂದನಾಳ ಸೀಮಂತವನ್ನು ಅವನು ಪಿಕಪ್ಪಿನಲ್ಲಿ ಕೂತು ಫೋನಿನಲ್ಲಿ ನೋಡಿದ. ಅವಳು ಫೋನಿನ ಹತ್ತಿರ ಬಂದು ಬಳೆ ತೋರಿಸಿದಳು, ಅಪ್ಪ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಅವಳು ಮುನಿಸಿಕೊಂಡಾಗ ಹಾಗೆಯೇ. ಹೆಂಡತಿ ಮಾತ್ರ ಹಿಂದಿನಿಂದ, "ಇಟಲಿಯವ್ರಿಗೆ ಎಷ್ಟು ಹೆಣ್ಣುಮಕ್ಕಳು ಅಂತ ಕೇಳು," ಅಂದದ್ದು ಕೇಳಿಸಿತು. ಮೊಮ್ಮಗ ಹುಟ್ಟಿದ. ಅವನ ಮೊದಲ ಹಲ್ಲನ್ನೂ ಫೋನಿನಲ್ಲೇ ನೋಡಬೇಕಾಯಿತು.

ಬೇಸಿಗೆಯ ಮೊದಲು ಒಂದು ಬೆಳಗ್ಗೆ, ದೂಮಪ್ಪ ಗೋದಾಮಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದಾಗ ಇಟಲಿಯಿಂದ ವಿಡಿಯೋ ಕಾಲು ಬಂತು. ಫೋನನ್ನು ಹಳೆಯ ವ್ಯಾನಿನ ಎದುರಿಗೆ ಸಿಕ್ಕಿಸಿದ್ದರು. ಅಲ್ಲಿ ಇನ್ನೂ ಬೆಳಕು ಹರಿಯುತ್ತಿದೆಯಷ್ಟೇ, ರಸ್ತೆ ಖಾಲಿ. ಪಕ್ಕದಲ್ಲಿ ತಮ್ಮ ತುಲ್ಲಿಯೋ ಕೂತು, ಬಲಕ್ಕೆ, ಎಡಕ್ಕೆ, ಕಲ್ಲು, ಗೋಡೆ ಎಂದು ತಮ್ಮ ಭಾಷೆಯಲ್ಲಿ ಬದಿಯದ್ದನ್ನೆಲ್ಲ ಹೇಳುತ್ತಿದ್ದ. ವ್ಯಾನು ಎರಡನೇ ಗೇರಿನಲ್ಲಿ, ನಮ್ಮ ಬಸ್ಸುಗಳು ನೋಡಿದರೆ ನಗುವಷ್ಟು ಮೆಲ್ಲಗೆ ಹತ್ತುತ್ತಿತ್ತು. ದೂಮಪ್ಪ ಬೆರಳು ಮಡಚಿ ತಿರುವು ಎಣಿಸಿದ. ಹಿಂದೆ ಒಂದು ಕ್ರೇಟು, ಅದರಲ್ಲಿ ನಾಲ್ಕು ಬ್ರೆಡ್ಡು. ಹತ್ತೊಂಬತ್ತನೇ ತಿರುವಿನಲ್ಲಿ ಚಿತ್ರ ನಿಂತುಹೋಯಿತು, ಬೆಟ್ಟದಲ್ಲಿ ಸಿಗ್ನಲ್ಲು ಇಲ್ಲ. ಅಲ್ಲಿಯವರೆಗೆ ಕ್ರೇಟು ಜಾರಿರಲಿಲ್ಲ.

ಉಳಿದ ಹನ್ನೆರಡನ್ನು ಅವನೇ ಕಣ್ಣು ಮುಚ್ಚಿ ಹತ್ತಿಸಿದ.

ತಜ್ಞರು ಇನ್ನೂ ಬಂದಿಲ್ಲ. ಈಗ ಎರಡನೇ ಮಗ ಕೆನಡಾದಲ್ಲಿದ್ದಾನಂತೆ. ಕಾರುಗಳ ಮೇಲೆ ಮತ್ತೆ ಧೂಳು ಕೂರುತ್ತಿದೆ, ಮೊದಲು ಗಾಜಿನ ಮೇಲೆ, ಆಮೇಲೆ ಬಾನೆಟ್ಟಿನ ಮೇಲೆ. ಬದುಕಿಡೀ ಬೆಳಗೆದ್ದು ಗಾಡಿ ಒರೆಸಿದವನಿಗೆ ಅದನ್ನು ನೋಡುತ್ತ ಕೂರುವುದು ಎಂದರೆ ಮೈ ತುರಿಸುವಾಗ ಕೈ ಕಟ್ಟಿದ ಹಾಗೆ. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಾನೆ. ಒಳಗೆ ಫ್ಯಾನು ಹಾಕುವುದಿಲ್ಲ, ಧೂಳು ಹಾರೀತೆಂದು. ಸೀನು ಬಂದರೆ ಹೊರಗೆ ಓಡುತ್ತಾನೆ.

ಈ ವರ್ಷದ ಆಯುಧಪೂಜೆಗೆ ಅವನು ಆರು ನಿಂಬೆಹಣ್ಣು ತಂದ. ನಾಲ್ಕು ಪಿಕಪ್ಪಿನ ಚಕ್ರಗಳಿಗಾಯಿತು. ಉಳಿದೆರಡನ್ನು ಹಿಡಿದು ಗೋದಾಮಿನ ಬಾಗಿಲಲ್ಲಿ ನಿಂತು ಒಳಗಿನ ಹನ್ನೊಂದನ್ನೂ ನೋಡಿದ. ಕಾರಿನ ಜೊತೆಗಿನ ಸಾಮಾನು ಈಗ ಅವನೇ ತಾನೇ. ಹೊರಗೆ ಅಂಗಳಕ್ಕೆ ಬಂದು, ಎರಡು ಚಪ್ಪಲಿಯ ಮುಂದೆ ಒಂದೊಂದು ಇಟ್ಟು, ಆಚೀಚೆ ಯಾರೂ ಇಲ್ಲವೆಂದು ನೋಡಿ, ಮೊದಲು ಬಲಗಾಲು, ಆಮೇಲೆ ಎಡಗಾಲು ಊರಿದ. ಎರಡೂ ಚಟ್ ಎಂದವು. ಒಂದು ಬೀಜ ಸಹ ಒಳಗೆ ಹೋಗದ ಹಾಗೆ ಗುಡಿಸಿ, ಒಳಗೆ ಹೋಗಿ, ಬಾಗಿಲು ಎಳೆದುಕೊಂಡು ಸ್ಟೂಲಿನ ಮೇಲೆ ಕೂತ.